ಒಂದೂವರೆ ಗಂಟೆ ಎರಡು ಸಲ ಬಂದಾಗ: ದತ್ತಾಂಶದಲ್ಲಿ ಸಮಯ ವಲಯ ನಿಭಾಯಿಸುವುದು ಹೇಗೆ?

ಕಡತದಲ್ಲಿ ‘2024-11-03 01:30, ನ್ಯೂಯಾರ್ಕ್’ ಎಂದಿದೆ. ಇದು ಯಾವ ಕ್ಷಣ? ಉತ್ತರಗಳು ಎರಡು. ಬೇಸಿಗೆಗೆಂದು ಒಂದು ತಾಸು ಮುಂದಿಟ್ಟಿದ್ದ ಅಲ್ಲಿನ ಗಡಿಯಾರಗಳು ಆ ನಸುಕಿನಲ್ಲಿ ಎರಡು ಗಂಟೆಗೆ ಒಂದು ತಾಸು ಹಿಂದೆ ಸರಿದವು. ಹೀಗಾಗಿ ಒಂದೂವರೆ ಗಂಟೆ ಎರಡು ಸಲ ಬಂತು: ಯುಟಿಸಿ (ಜಗತ್ತಿನ ಎಲ್ಲ ವಲಯಗಳಿಗೂ ಆಧಾರವಾದ ಪ್ರಮಾಣಿತ ಸಮಯ) ಲೆಕ್ಕದಲ್ಲಿ ಮೊದಲನೆಯದು 05:30, ಎರಡನೆಯದು 06:30. ಆದ್ದರಿಂದ ದಾಖಲಿಸುವಾಗಲೇ ಯುಟಿಸಿಯಿಂದ ಇರುವ ಅಂತರವನ್ನೂ (-04:00 ಅಥವಾ -05:00) ಬರೆದಿಡಿ. ಒಮ್ಮೆ ಕಳೆದುಹೋದ ಈ ಮಾಹಿತಿಯನ್ನು ಯಾವ ಸೂತ್ರವೂ ಮರಳಿ ತಂದುಕೊಡುವುದಿಲ್ಲ.

ಕಡತವನ್ನು ಓದಿಸುವಾಗ ವಲಯ ಯಾವುದೆಂದು ನೀವೇ ಹೇಳಿ. ಹೇಳದಿದ್ದರೆ, ದತ್ತಾಂಶ ವಿಶ್ಲೇಷಣೆಗೆ ಬಳಸುವ ಆರ್ ಭಾಷೆಯಲ್ಲಿ ಬರಹವನ್ನು ಸಮಯವಾಗಿ ಓದುವ ‘ಆ್ಯಸ್.ಪೋಸಿಕ್ಸ್‌ಸಿಟಿ’ (as.POSIXct) ಆ ಕಂಪ್ಯೂಟರಿನ ವಲಯವನ್ನೇ ಹಿಡಿಯುತ್ತದೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿದ್ದ ಲೆಕ್ಕ ಬೇರೆ ಸರ್ವರ್‌ನಲ್ಲಿ ತಪ್ಪುವುದು ಹೀಗೆಯೇ.

ಮುಂದಿನ ಹೆಜ್ಜೆಯಲ್ಲಿ ಎಡವುವವರೇ ಹೆಚ್ಚು. ಆರ್ ಒಳಗೆ ಇಟ್ಟುಕೊಳ್ಳುವುದು 1970ರ ಜನವರಿ 1ರ ಯುಟಿಸಿ ಮಧ್ಯರಾತ್ರಿಯಿಂದ ಎಣಿಸಿದ ಸೆಕೆಂಡುಗಳನ್ನು. ವಲಯ ಕೆಲಸಕ್ಕೆ ಬರುವುದು ಅದನ್ನು ಗಡಿಯಾರದ ಸಮಯವಾಗಿ ತೋರಿಸುವಾಗ. ಆರ್‌ನಲ್ಲಿ ದಿನಾಂಕ, ಸಮಯ ನಿಭಾಯಿಸುವ ಲ್ಯೂಬ್ರಿಡೇಟ್ ಪ್ಯಾಕೇಜಿನ ‘ವಿತ್_ಟಿಝಡ್’ (with_tz) ಆ ಸೆಕೆಂಡುಗಳನ್ನು ಮುಟ್ಟುವುದಿಲ್ಲ: ಜುಲೈ 1ರ ಯುಟಿಸಿ 09:00 ನ್ಯೂಯಾರ್ಕಿನ 05:00 ಆಗಿ ಕಾಣುತ್ತದೆ, ಅಷ್ಟೇ. ‘ಫೋರ್ಸ್_ಟಿಝಡ್’ (force_tz) ಹಾಗಲ್ಲ. ಅದು 09:00 ಅನ್ನು ಹಾಗೆಯೇ ಉಳಿಸಿ ಕ್ಷಣವನ್ನೇ ನಾಲ್ಕು ತಾಸು ಸರಿಸಿಬಿಡುತ್ತದೆ. ವಲಯದ ಹಣೆಪಟ್ಟಿಯೇ ತಪ್ಪಾಗಿದ್ದರೆ ಮಾತ್ರ ಇದನ್ನು ಬಳಸಿ.

ವಲಯವನ್ನು ‘ಅಮೆರಿಕ/ನ್ಯೂಯಾರ್ಕ್’ ಮಾದರಿಯ ಪೂರ್ಣ ಹೆಸರಿನಿಂದ ಕೊಡಿ. ಬೇಸಿಗೆ, ಚಳಿಗಾಲದ ಬದಲಾವಣೆಗಳು ಆ ಹೆಸರಿನ ಜೊತೆಗೇ ಬರುತ್ತವೆ. ಬರೀ -05:00 ಎಂದರೆ ಬರುವುದಿಲ್ಲ. ‘ಇಟಿಸಿ/ಜಿಎಂಟಿ+5’ ಎಂಬ ಹೆಸರಿನ ಬಗ್ಗೆ ವಿಶೇಷ ಎಚ್ಚರ ಬೇಕು: ಅದರಲ್ಲಿ ಚಿಹ್ನೆ ತಿರುಗುಮುರುಗು, ಅರ್ಥ ಯುಟಿಸಿಗಿಂತ ಐದು ತಾಸು ಹಿಂದೆ. ಅಂತರಗಳು ಪೂರ್ಣ ತಾಸುಗಳಲ್ಲೇ ಇರುತ್ತವೆ ಎಂದೂ ನಂಬಬೇಡಿ, ನೇಪಾಳದ್ದು +05:45.

ಎಷ್ಟು ಹೊತ್ತು ಕಳೆಯಿತು ಎಂಬಂಥ ಕೂಡುವ, ಕಳೆಯುವ ಲೆಕ್ಕವನ್ನೆಲ್ಲ ಯುಟಿಸಿಯಲ್ಲಿ ಮಾಡಿ. ದಿನವಾರು ಗುಂಪು ಮಾಡುವ ಮೊದಲು ಮಾತ್ರ ಸ್ಥಳೀಯ ಸಮಯಕ್ಕೆ ತನ್ನಿ. ಜುಲೈ 1ರ ಯುಟಿಸಿ 02:00 ನ್ಯೂಯಾರ್ಕಿನಲ್ಲಿ ಜೂನ್ 30ರ ರಾತ್ರಿ ಹತ್ತು. ಇದನ್ನು ಮರೆತರೆ ತಿಂಗಳ ಮೊತ್ತವೇ ಬದಲಾಗುತ್ತದೆ.

‘ನಾಳೆ ಇದೇ ಹೊತ್ತಿಗೆ’ ಎಂಬುದಕ್ಕೆ 86,400 ಸೆಕೆಂಡು ಕೂಡಿಸುವ ಅಭ್ಯಾಸವನ್ನೂ ಬಿಡಿ. 2024ರ ಮಾರ್ಚ್ 9ರ ನ್ಯೂಯಾರ್ಕ್ ಮಧ್ಯಾಹ್ನ 12ಕ್ಕೆ ಅಷ್ಟು ಕೂಡಿಸಿದರೆ ಸಿಗುವುದು ಮರುದಿನದ ಮಧ್ಯಾಹ್ನ ಒಂದು ಗಂಟೆ. ಗಡಿಯಾರಗಳು ಒಂದು ತಾಸು ಮುಂದೆ ಸರಿದ ಆ ಮಾರ್ಚ್ 10ಕ್ಕೆ ಇದ್ದದ್ದು 23 ತಾಸು. ಅಂದಿನ ಮೊತ್ತ ಕಡಿಮೆ ಕಂಡರೆ ಅಳತೆಯ ಉಪಕರಣವನ್ನು ದೂರುವ ಮೊದಲು ಕ್ಯಾಲೆಂಡರ್ ನೋಡಿ.