ಊದಿದ ಗಾಲ್‌ಬ್ಲ್ಯಾಡರ್‌ಗೆ ಆರು ವಾರ ಕಾಯುವುದನ್ನು ನಾನು ಬಿಟ್ಟದ್ದು

ಕಲ್ಲಿನಿಂದ ಗಾಲ್‌ಬ್ಲ್ಯಾಡರ್ (ಪಿತ್ತಕೋಶ) ಊದಿ ನೋವು ಬಂದ ಅಕ್ಯೂಟ್ ಕೇಸಿಗೆ ಅದೇ ಅಡ್ಮಿಷನ್‌ನಲ್ಲೇ ಲ್ಯಾಪ್ (ಸಣ್ಣ ತೂತುಗಳಿಂದ ಕ್ಯಾಮೆರಾ ಹಾಕಿ ಅದನ್ನು ತೆಗೆಯುವ ಆಪರೇಷನ್) ಮಾಡುತ್ತೇನೆ ಅಂದಾಗ ಉಡುಪಿಯ ಹಿರಿಯ ಡಾಕ್ಟರೊಬ್ಬರು "ಸಿಬಿಡಿ ಕತ್ತರಿಸಿ ಕೋರ್ಟಿಗೆ ಅಲೀತೀಯ ಮಾರಾಯ" ಅಂದಿದ್ದರು. ಸಿಬಿಡಿ ಅಂದರೆ ಪಿತ್ತ ಕರುಳಿಗೆ ಹೋಗುವ ಮುಖ್ಯ ನಾಳ. ಈಗ ಅವರೇ ಕೇಸ್ ಕಳಿಸುತ್ತಾರೆ!

ಮೊದಲು ದುಡ್ಡಿನ ವಿಷಯ. ಹಳೇ ದಾರಿಯಲ್ಲಿ, ಅಂದರೆ ಮೊದಲು ಇಂಜೆಕ್ಷನ್ ಕೊಟ್ಟು ಊತ ಇಳಿಸಿ ಆರು ವಾರದ ಮೇಲೆ ಆಪರೇಷನ್ ಮಾಡುವಾಗ, ಎರಡು ಅಡ್ಮಿಷನ್, ಎರಡು ಸಲ ಟೆಸ್ಟು, ಐದಾರು ದಿನ ಇಂಜೆಕ್ಷನ್. ನಮ್ಮ ಸಣ್ಣ ನರ್ಸಿಂಗ್ ಹೋಮಿನಲ್ಲೂ ಒಟ್ಟು ತೊಂಬತ್ತು ಸಾವಿರದ ಹತ್ತಿರ ಹೋಗುತ್ತಿತ್ತು, ಈಗ ಅರವತ್ತರ ಆಸುಪಾಸು. ಮಲ್ಪೆಯ ಬೋಟಿನವರು ಜ್ವರ ಇಳಿದ ಕೂಡಲೇ "ಜೂನ್‌ನಲ್ಲಿ ಬೋಟು ಕಟ್ಟಿದ ಮೇಲೆ ಬರ್ತೇವೆ ಡಾಕ್ಟ್ರೇ" ಅಂತ ಹೋಗುತ್ತಿದ್ದರು. ಕೆಲವರು ಜೂನ್‌ಗೆ ಮೊದಲೇ ಬಂದರು, ಕಣ್ಣು ಹಳದಿಯಾಗಿ. ಒಬ್ಬರಂತೂ ಪ್ಯಾಂಕ್ರಿಯಾಟೈಟಿಸ್ (ಮೇದೋಜ್ಜೀರಕ ಗ್ರಂಥಿಯ ಊತ) ಆಗಿ ಐಸಿಯುನಲ್ಲಿ ಮಲಗಿದರು, ಮನೆಯವರು ಚಿನ್ನ ಅಡವಿಟ್ಟರು.

ಎಷ್ಟರೊಳಗೆ ಆಪರೇಷನ್ ಮಾಡಬೇಕು ಅನ್ನುವ ಲೆಕ್ಕ ಶುರುವಾಗುವುದು ನೋವು ಬಂದ ಗಂಟೆಯಿಂದ, ಅಡ್ಮಿಷನ್‌ನಿಂದ ಅಲ್ಲ. ನಮ್ಮ ಕಡೆ ಮದುವೆ ಊಟ ಮಾಡಿ ನೋವು ಬಂದರೆ ಅದು ಗ್ಯಾಸೇ, ಅಲ್ವಾ? ಓಮದ ನೀರು, ಮೆಡಿಕಲ್‌ನ ಮಾತ್ರೆ, ಇಸಿಜಿ ಅಂತ ಎರಡು ದಿನ ಅಲ್ಲೇ ಮುಗಿದಿರುತ್ತದೆ. ಟೋಕಿಯೋ ಗೈಡ್‌ಲೈನ್ಸ್ 2018ರಲ್ಲಿ (ಈ ಕಾಯಿಲೆಗೆ ಸರ್ಜನ್‌ಗಳು ನೋಡುವ ಮಾರ್ಗಸೂಚಿ) 72 ಗಂಟೆಯೊಳಗೇ ಮಾಡಬೇಕೆಂಬ ಗೆರೆ ಸಡಿಲವಾಗಿದೆ, ನಿಜ. ಆದರೂ ನನ್ನ ಕೈಗೆ ಮೊದಲ ಮೂರು ದಿನವೇ ಸುಖ. ಆಗ ಎಡೀಮಾ (ನೀರು ತುಂಬಿದ ಊತ) ಇರುತ್ತದೆ, ಸಕ್ಷನ್ ತುದಿಯಿಂದ ನೀರು ಬಿಡುತ್ತಾ ತಳ್ಳಿದರೆ ಪ್ಲೇನ್ (ಪದರಗಳ ನಡುವಿನ ಜಾಗ) ಹಲಸಿನ ತೊಳೆ ಬಿಡಿಸಿದ ಹಾಗೆ ಬರುತ್ತದೆ. ವಾರ ದಾಟಿದರೆ ಬರೀ ರಕ್ತ.

ಶುರುವಿನಲ್ಲಿ ಆರನೇ, ಏಳನೇ ದಿನದ್ದನ್ನೂ ಹಿಡಿದೆ. ಮೂರು ಗಂಟೆ ಒದ್ದಾಡಿ ಕೊನೆಗೆ ಹೊಟ್ಟೆ ಕೊಯ್ದು ಓಪನ್ ಮಾಡಿದ್ದುಂಟು. ಒಂದರಲ್ಲಿ ಡ್ರೈನ್‌ನಿಂದ (ಹೊಟ್ಟೆಯೊಳಗೆ ಇಟ್ಟ ಕೊಳವೆ) ಹತ್ತು ಹನ್ನೆರಡು ದಿನ ಬೈಲ್ (ಪಿತ್ತ) ಬಂತು, ಇಆರ್‌ಸಿಪಿಗೆ (ಬಾಯಿಯಿಂದ ಸ್ಕೋಪ್ ಹಾಕಿ ಪಿತ್ತನಾಳಕ್ಕೆ ಮಾಡುವ ಚಿಕಿತ್ಸೆ) ಕಳಿಸಿದೆ, ಆ ಬಿಲ್ಲಿನಲ್ಲಿ ನನ್ನ ಫೀಸೂ ಹೋಯಿತು. ಅನಸ್ತೇಷಿಯಾದವರು ಒಂದಷ್ಟು ಕಾಲ ನನ್ನ ಫೋನೇ ಎತ್ತುತ್ತಿರಲಿಲ್ಲ. ಈಗ ರಾತ್ರಿ ಮುಟ್ಟುವುದಿಲ್ಲ, ಬೆಳಿಗ್ಗೆ ಮೊದಲ ಕೇಸ್, ಹೊಸ ನರ್ಸ್‌ಗಳ ಜೊತೆಗಲ್ಲ.

ಇದನ್ನು ಮಾಡಹೊರಟ ಸರ್ಜನ್‌ಗಳಿಗೆ: ಬಿಗಿದ ಗಾಲ್‌ಬ್ಲ್ಯಾಡರನ್ನು ಮೊದಲೇ ಸೂಜಿ ಹಾಕಿ ಖಾಲಿ ಮಾಡಿ, ಆಮೇಲೆ ಹಿಡಿಯಿರಿ. ರೂವಿಯೇ ಸಲ್ಕಸ್‌ನ (ಲಿವರ್ ಮೇಲಿನ ಗುರುತಿನ ಸೀಳು) ಕೆಳಗೆ ಇಳಿಯಬೇಡಿ. ಕ್ರಿಟಿಕಲ್ ವ್ಯೂ (ಕತ್ತರಿಸುವ ಮೊದಲು ಗಾಲ್‌ಬ್ಲ್ಯಾಡರ್‌ನ ನಾಳ, ರಕ್ತನಾಳ ಎರಡೂ ಸ್ಪಷ್ಟವಾಗಿ ಕಾಣುವುದು) ಸಿಗಲಿಲ್ಲ ಅಂದರೆ ಹಟ ಬೇಡ, ಸಬ್‌ಟೋಟಲ್ ಮಾಡಿ (ಒಂದು ಭಾಗ ಒಳಗೇ ಬಿಟ್ಟು) ಡ್ರೈನ್ ಇಟ್ಟು ಹೊರಗೆ ಬನ್ನಿ. ಪೌಚ್‌ನಲ್ಲಿ (ಗಾಲ್‌ಬ್ಲ್ಯಾಡರ್‌ನ ಕುತ್ತಿಗೆಯ ಉಬ್ಬು) ಸಿಕ್ಕಿಬಿದ್ದ ಕಲ್ಲನ್ನು ಸರಿಸಲು ನನ್ನದೊಂದು ಕೈಚಳಕ ಇದೆ. ಅದು ಬರೆದರೆ ಬರುವುದಿಲ್ಲ, ಓಟಿಗೇ ಬರಬೇಕು.

ನಡುವೆ ಎಂಡೋಬ್ಯಾಗ್ (ಕತ್ತರಿಸಿದ ಗಾಲ್‌ಬ್ಲ್ಯಾಡರ್ ಹೊರಗೆ ತೆಗೆಯುವ ಚೀಲ) ಖರ್ಚು ಉಳಿಸಲು ಗ್ಲೌಸ್ ಕಟ್ಟಿ ನೋಡಿದೆ. ಪೌಡರ್ ಇಲ್ಲದ್ದಾದರೆ ಚೆನ್ನಾಗಿಯೇ ನಡೆಯುತ್ತದೆ, ಎರಡು ಸಾವಿರ ಉಳಿಯಿತು. ಪೋರ್ಟ್‌ಗೆ (ಹೊಟ್ಟೆಯ ತೂತುಗಳಿಗೆ) ಮರಗಟ್ಟಿಸುವ ಬುಪಿವಕೇನ್ ಹಾಕಿದ್ದರಿಂದ ನೋವಿನಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ, ಆದರೂ ಹಾಕುತ್ತೇನೆ.

ನಂಬದವರು ಜರ್ಮನಿಯ 2013ರ ಟ್ರಯಲ್ ನೋಡಿ. ಅಡ್ಮಿಟ್ ಆದ 24 ಗಂಟೆಯೊಳಗೆ ಮಾಡಿದವರಲ್ಲಿ ತೊಂದರೆ ಸುಮಾರು ನೂರಕ್ಕೆ 12, ಕಾಯಿಸಿದವರಲ್ಲಿ 34. ಬಿಪಿ ಬಿದ್ದು ಕಿಡ್ನಿ ಸೋತವರನ್ನು ಮಾತ್ರ ಸುಮ್ನೆ ಈ ಲೆಕ್ಕಕ್ಕೆ ಎಳೆಯಬೇಡಿ. ಅವರಿಗೆ ಮೊದಲು ಐಸಿಯು, ಸುಧಾರಿಸದಿದ್ದರೆ ಸ್ಕ್ಯಾನ್ ನೋಡಿಕೊಂಡು ಗಾಲ್‌ಬ್ಲ್ಯಾಡರ್ ಖಾಲಿ ಮಾಡಲು ಒಂದು ಟ್ಯೂಬ್.