ಯೇಸುವಿನ ಸ್ನೇಹ, ಮೇಲಿನ ಮನೆಯ ಹಿರಿಯರು

ಬೈಬಲಿನ ಯೋಹಾನನ ಸುವಾರ್ತೆಯ 15ನೇ ಅಧ್ಯಾಯ ನನ್ನ ಪ್ರಾರ್ಥನೆಯ ರೀತಿಯನ್ನೇ ಬದಲಿಸಿತು. ಸಾಯುವ ಹಿಂದಿನ ರಾತ್ರಿ ಯೇಸು ಶಿಷ್ಯರಿಗೆ, ಇನ್ನು ನೀವು ಸೇವಕರಲ್ಲ, ಸ್ನೇಹಿತರು ಅನ್ನುತ್ತಾರೆ. ಯಜಮಾನ ಏನು ಮಾಡುತ್ತಾನೆಂದು ಸೇವಕನಿಗೆ ಗೊತ್ತಿರುವುದಿಲ್ಲ. ತಾವಾದರೋ ತಂದೆಯಿಂದ ಕೇಳಿದ್ದನ್ನೆಲ್ಲ ಅವರಿಗೆ ತಿಳಿಸಿದ್ದಾರೆ. ಮನಸ್ಸು ಬಿಚ್ಚಿ ಹೇಳುವುದು ಸ್ನೇಹಿತರಿಗೇ ಅಲ್ವಾ? 16ನೇ ಶತಮಾನದ ಸ್ಪೇನಿನ ಸನ್ಯಾಸಿನಿ, ಅವಿಲಾದ ಸಂತ ತೆರೇಸ ಕೂಡ ಪ್ರಾರ್ಥನೆಯನ್ನು ನಮ್ಮನ್ನು ಪ್ರೀತಿಸುವ ಸ್ನೇಹಿತನ ಜೊತೆಗಿನ ಮಾತುಕತೆ ಎಂದೇ ನೋಡಿದರು.

ನಾನೂ ಹಾಗೇ ಶುರುಮಾಡಿದೆ. ಬೆಳಿಗ್ಗೆ ಸುವಾರ್ತೆಯ ಒಂದು ಭಾಗ ಓದುವುದು, ಆಮೇಲೆ ಸುಮ್ನೆ ಮಾತಾಡುವುದು. ಸಿಟ್ಟಿದ್ದರೆ ಸಿಟ್ಟಿನ ಮಾತು. ಕೊನೆಗೆ ಸ್ವಲ್ಪ ಹೊತ್ತು ಮೌನ. ಅದೇ ಕಷ್ಟ.

ಆದರೆ ಅದೇ ಅಧ್ಯಾಯದ 14ನೇ ವಚನ ನಮ್ಮನ್ನು ಅಷ್ಟಕ್ಕೇ ಬಿಡುವುದಿಲ್ಲ. ನಾನು ಹೇಳಿದ್ದನ್ನು ಮಾಡಿದರೆ ನೀವು ನನ್ನ ಸ್ನೇಹಿತರು ಅನ್ನುತ್ತದೆ. ಹೇಳಿದ್ದೇನು? ಅದರ ಹಿಂದೆ 12ರಲ್ಲಿ, ಮುಂದೆ 17ರಲ್ಲಿ ಇರುವುದು ಒಂದೇ ಮಾತು, ಒಬ್ಬರನ್ನೊಬ್ಬರು ಪ್ರೀತಿಸಿ. ಹಾಗಾಗಿ ದಿನವೂ ಒಬ್ಬರ ಹೆಸರನ್ನು ಮಾತಿಗೆ ಸೇರಿಸತೊಡಗಿದೆ. ಎಲ್ಲೋ ದೂರದವರದ್ದಲ್ಲ, ಅವರನ್ನು ಪ್ರೀತಿಸುವುದು ಸುಲಭ. ಆ ದಿನ ಎದುರಾಗಲೇಬೇಕಾದ, ನನಗೆ ಹಿಡಿಸದ ಯಾರಾದರೊಬ್ಬರದ್ದು.

ಬಹಳ ಕಾಲ ಅದು ಮೇಲಿನ ಮನೆಯ ಹಿರಿಯರ ಹೆಸರೇ. ಎಲ್ಲದಕ್ಕೂ ಗೊಣಗುವವರು, ಒಂಟಿ. ಅವರು ಬಿದ್ದು ಕಾಲು ಮುರಿದುಕೊಂಡಾಗ ನನಗೆ ಒಂದೇ ಅಂಜಿಕೆ. ಒಮ್ಮೆ ಕೈಹಾಕಿದರೆ ಪೂರ್ತಿ ಹೊರೆ ನನ್ನ ಮೇಲೇ ಬೀಳುತ್ತದಲ್ಲ!

ಆಗ ಲೂಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಯೇಸು ಹೇಳುವ ಕಥೆಯ ಪ್ರಯಾಣಿಕ, ಸಮಾರ್ಯ ಸೀಮೆಯವನು, ನೆರವಿಗೆ ಬಂದ. ಕಳ್ಳರ ಪೆಟ್ಟು ತಿಂದು ದಾರಿಯಲ್ಲಿ ಬಿದ್ದಿದ್ದವನ ಗಾಯಕ್ಕೆ ಅವನು ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟುತ್ತಾನೆ. ಗಾಯಾಳುವನ್ನು ಛತ್ರಕ್ಕೆ ಒಯ್ದು ಆರೈಕೆ ಮಾಡುತ್ತಾನೆ. ಮರುದಿನ ಎರಡು ಬೆಳ್ಳಿ ನಾಣ್ಯ ಛತ್ರದವನ ಕೈಗಿಟ್ಟು, ಇವನನ್ನು ನೋಡಿಕೋ, ಜಾಸ್ತಿ ಖರ್ಚಾದರೆ ವಾಪಸ್ ಬರುವಾಗ ಕೊಡುತ್ತೇನೆ ಅನ್ನುತ್ತಾನೆ. ತನ್ನ ಪ್ರಯಾಣವನ್ನೂ ಬಿಡಲಿಲ್ಲ, ಗಾಯಾಳುವನ್ನೂ ಬಿಡಲಿಲ್ಲ. ಅವನಿಗಿಂತ ಮೊದಲು ಅದೇ ದಾರಿಯಲ್ಲಿ ಬಂದ ಯಾಜಕ (ಪುರೋಹಿತ), ಲೇವಿಯ (ದೇವಾಲಯದ ಸೇವೆಯವನು) ಪಕ್ಕಕ್ಕೆ ಸರಿದು ಹೋದದ್ದನ್ನೇ ನಾವು ಜಾಸ್ತಿ ಮಾತಾಡುತ್ತೇವೆ. ನನಗೆ ದಾರಿ ತೋರಿಸಿದ್ದು ಈ ಛತ್ರದವನು.

ಹಿರಿಯರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅವರ ಅಣ್ಣನ ಮಗನಿಗೆ ಫೋನ್ ಮಾಡಿ, ರಾತ್ರಿ ಜೊತೆಗಿರುವ ಹೊಣೆ ಒಪ್ಪಿಸಿದೆ. ಔಷಧಿ ತರುವುದು ನನ್ನ ಪಾಲು. ಸಂಜೆ ಬರುತ್ತೇನೆ ಅಂದರೆ ಹೋಗಲೇಬೇಕು, ಅಷ್ಟೇ ನಿಯಮ.

ಪ್ರೀತಿ ಉಕ್ಕಿ ಬಂತೇ? ಇಲ್ಲ. ಅವರಂತೂ ಮಾತ್ರೆಗೆ ಜಾಸ್ತಿ ದುಡ್ಡು ಕೊಟ್ಟೆ ಅಂತ ನನಗೇ ಬೈದರು. ಮರುದಿನ ಬೆಳಿಗ್ಗೆ ಅದನ್ನು ಯೇಸುವಿಗೆ ಇದ್ದ ಹಾಗೇ ಹೇಳಿದೆ. ಈಗ ಹಿರಿಯರು ಕೋಲು ಹಿಡಿದು ಓಡಾಡುತ್ತಾರೆ. ಔಷಧಿ ಚೀಟಿಯನ್ನು ಮಾತ್ರ ಇನ್ನೂ ನನ್ನ ಬಾಗಿಲ ಸಂದಿಯಲ್ಲೇ ತೂರಿಸಿ ಹೋಗುತ್ತಾರೆ.