ಎಪಿಪಿ ಪ್ರೋಟೀನ್ ಅರ್ಥ ಆಗಬೇಕಾ? ಒಂದು ಹಾಳೆ, ಒಂದು ಕೆಂಪು ಪೆನ್ನು ತಗೊಳ್ಳಿ

ಅಲ್ಜೈಮರ್ ಅಂದ ತಕ್ಷಣ ಎಲ್ಲರೂ ಬೈಯುವುದು ಮಿದುಳಿನಲ್ಲಿ ಗಂಟುಕಟ್ಟಿಕೊಳ್ಳುವ ಅಮೈಲಾಯ್ಡ್ ಅನ್ನುವ ಪ್ರೋಟೀನ್ ತುಂಡನ್ನು. ಆದರೆ ಅದು ಯಾವ ಪ್ರೋಟೀನಿನಿಂದ ಬರುತ್ತದೋ ಆ ಎಪಿಪಿ (ಅಮೈಲಾಯ್ಡ್ ಪ್ರಿಕರ್ಸರ್ ಪ್ರೋಟೀನ್), ನರಕೋಶ ಬೆಳೆಯುವುದಕ್ಕೆ ನೆರವಾಗುವ ಪ್ರೋಟೀನು. ಸುಮ್ನೆ ಓದಿದರೆ ಇದು ತಲೆಯಲ್ಲಿ ನಿಲ್ಲುವುದಿಲ್ಲ, ಚಿತ್ರ ಬರೆಯಿರಿ.

ಮೊದಲು ಎರಡು ಅಡ್ಡಗೆರೆ ಎಳೆಯಿರಿ. ಅದು ನರಕೋಶದ ಪೊರೆ. ಅದನ್ನು ದಾಟಿಕೊಂಡು ಹೋಗುವ ಹಾಗೆ ಒಂದು ಉದ್ದ ಗೆರೆ ಎಳೆಯಿರಿ, ಬಹುಪಾಲು ಹೊರಗಿರಲಿ, ಚಿಕ್ಕ ಬಾಲ ಮಾತ್ರ ಒಳಗೆ. ಇದೇ ಎಪಿಪಿ. ನರಕೋಶಗಳಲ್ಲಿ ಜಾಸ್ತಿ ಇರುವ ರೂಪದಲ್ಲಿ 695 ಅಮೈನೊ ಆಮ್ಲಗಳಿವೆ, ಅಂದರೆ ಪ್ರೋಟೀನಿನ ಸರಪಳಿಯ ಕೊಂಡಿಗಳು. ಈಗ ಪೊರೆಯ ಹತ್ತಿರ ಒಂದು ಸಣ್ಣ ತುಂಡಿಗೆ ಕೆಂಪು ಹಚ್ಚಿ, ಅದರ ತುದಿ ಪೊರೆಯೊಳಗೂ ಸ್ವಲ್ಪ ಹೋಗಲಿ. ಬೀಟಾ ಅಮೈಲಾಯ್ಡ್ ಆಗುವುದು ಅಷ್ಟು ಭಾಗ ಮಾತ್ರ, ಸಾಮಾನ್ಯವಾಗಿ 40 ಇಲ್ಲವೇ 42 ಅಮೈನೊ ಆಮ್ಲ.

ಇನ್ನು ಕತ್ತರಿಗಳು, ಅಂದರೆ ಪ್ರೋಟೀನನ್ನು ತುಂಡು ಮಾಡುವ ಕಿಣ್ವಗಳು. ಕೆಂಪಿನ ನಡುವೆ ಒಂದು ಗುರುತು ಹಾಕಿ, ಅದು ಆಲ್ಫಾ ಸೀಕ್ರೆಟೇಸ್. ಇಲ್ಲಿ ಕತ್ತರಿಸಿದರೆ ಕೆಂಪು ತುಂಡು ಇಡಿಯಾಗಿ ಹೊರಬರುವುದೇ ಇಲ್ಲ, ಬದಲಿಗೆ ಬಿಡುಗಡೆಯಾಗುವ ದೊಡ್ಡ ಹೊರಭಾಗ ನರಕೋಶದ ಎಳೆಗಳು ಚಾಚಿಕೊಳ್ಳಲು ಸಹಾಯ ಮಾಡುತ್ತದೆ. ಕೆಂಪಿನ ಎರಡು ತುದಿಯಲ್ಲಿ ಬೀಟಾ, ಗಾಮಾ ಅಂತ ಬರೆಯಿರಿ. ಇವೆರಡೂ ಕತ್ತರಿಸಿದಾಗ ಅಮೈಲಾಯ್ಡ್. ಅಂದರೆ ಪ್ರೋಟೀನು ಒಂದೇ, ಎಲ್ಲಿ ಕತ್ತರಿಸಿತು ಅನ್ನುವುದೇ ಮುಖ್ಯ, ಅಲ್ವಾ?

ಬೆಳವಣಿಗೆಗೆ ಎಪಿಪಿ ನಿಜವಾಗಿ ಬೇಕಾ ಅಂತ ಯಾರಾದರೂ ಕೇಳಿದರೆ ಇಲಿಗಳ ಪ್ರಯೋಗ ಹೇಳಿ. ಎಪಿಪಿ ಒಂದನ್ನೇ ತೆಗೆದ ಇಲಿಗಳು ಬದುಕುತ್ತವೆ, ಆದರೆ ತೂಕ ಕಡಿಮೆ, ಕಾಲಿನ ಹಿಡಿತ ಬಲವಿಲ್ಲ. ಇಷ್ಟೇನಾ ಅನ್ನಿಸಬಹುದು. ಎಪಿಪಿಗೆ ಎಪಿಎಲ್‌ಪಿ1, ಎಪಿಎಲ್‌ಪಿ2 ಅಂತ ಇಬ್ಬರು ಬಂಧುಗಳಿದ್ದಾರೆ, ಅದು ಇಲ್ಲದಾಗ ಅವು ಕೆಲಸ ತೂಗಿಸಿಕೊಂಡು ಹೋಗುತ್ತವೆ. ಮೂರನ್ನೂ ತೆಗೆದರೆ ಮರಿಗಳು ಹುಟ್ಟಿದ ಸ್ವಲ್ಪ ಹೊತ್ತಿಗೇ ಸಾಯುತ್ತವೆ. ಅವುಗಳ ಮಿದುಳಿನ ಹೊರಪದರದಲ್ಲಿ ಕೆಲವು ನರಕೋಶಗಳು ತಾವು ನಿಲ್ಲಬೇಕಾದ ಜಾಗ ದಾಟಿ ಮುಂದೆ ಹೋಗಿರುತ್ತವೆ. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಅನ್ನಿಸುವುದು ಇದೇ.

ಹಾಳೆಯ ಮೂಲೆಯಲ್ಲಿ 21 ಅಂತ ಬರೆದಿಡಿ. ಎಪಿಪಿಯ ಜೀನ್ ಇರುವುದು 21ನೇ ಕ್ರೋಮೋಸೋಮಿನಲ್ಲಿ, ಡೌನ್ ಸಿಂಡ್ರೋಮ್ ಇರುವವರಲ್ಲಿ ಅದರ ಪ್ರತಿ ಸಾಮಾನ್ಯವಾಗಿ ಒಂದು ಹೆಚ್ಚು, ಅದಕ್ಕೇ ಅವರಿಗೆ ಅಲ್ಜೈಮರ್ ಬೇಗ ಬರುವ ಅಪಾಯ ಜಾಸ್ತಿ.

ಮುಂದೆ ಹೊಸ ಔಷಧಿಯ ಸುದ್ದಿ ಓದುವಾಗ ಹಾಳೆ ಪಕ್ಕದಲ್ಲಿಟ್ಟು, ಅದು ಯಾವ ಕತ್ತರಿಯನ್ನು ತಡೆಯುತ್ತದೆ, ಅಥವಾ ಯಾವ ತುಂಡನ್ನು ತೆಗೆಯುತ್ತದೆ ಅಂತ ಬೆರಳಿಟ್ಟು ನೋಡಿ. ವೆರುಬೆಸೆಸ್ಟಾಟ್ ಅನ್ನುವ ಔಷಧಿ ಬೀಟಾ ಕತ್ತರಿಯನ್ನು ತಡೆಯಿತು, ಅಮೈಲಾಯ್ಡೂ ಇಳಿಯಿತು, ಆದರೆ ರೋಗಿಗಳ ನೆನಪು ಸುಧಾರಿಸಲಿಲ್ಲ.